ಸಾಲುಮನೆ ಖಾಲಿಯಾದದ್ದು

ಅಂಗನವಾಡಿ ಕೆಲಸಕ್ಕೆ ಹೊಸದಾಗಿ ಸೇರುವ ಹೆಣ್ಣುಮಕ್ಕಳಿಗೆ ತರಬೇತಿಯಲ್ಲಿ ಬಹಳ ಹೇಳಿಕೊಡುತ್ತಾರೆ. ಮಗುವಿನ ತೂಕ ಹೇಗೆ ನೋಡಬೇಕು, ಬಸುರಿಗೆ ಯಾವ ಮಾತ್ರೆ ಯಾವಾಗ ಕೊಡಬೇಕು, ಫೋನಿನಲ್ಲಿ ಫೋಟೋ ತೆಗೆದು ಹೇಗೆ ಹಾಕಬೇಕು, ಹಾಡು, ಕತೆ, ಬಣ್ಣದ ಕಾಗದದ ಹೂವು. ಒಂದು ಬೀದಿಯ ಮಕ್ಕಳೆಲ್ಲ ಒಬ್ಬೊಬ್ಬರಾಗಿ ಮನೆ ಬಿಟ್ಟು ಹೊರಟರೆ ಏನು ಮಾಡಬೇಕು ಎಂದು ಮಾತ್ರ ಯಾರೂ ಹೇಳಿಕೊಡುವುದಿಲ್ಲ. ನನಗೂ ಹೇಳಿಕೊಟ್ಟಿರಲಿಲ್ಲ. ನಾನು ಮಾಡಿದ್ದು ತಪ್ಪು. ಆ ತಪ್ಪನ್ನು ಬರೆದಿಡಬೇಕೆಂದೇ ಈಗ ಕೂತಿದ್ದೇನೆ. ಪ್ರಶಸ್ತಿ ಪತ್ರ ಬಂದದ್ದು, ಜಿಲ್ಲೆಯ ಸಾಹೇಬರು ಬೆನ್ನು ತಟ್ಟಿದ್ದು, ಅದನ್ನೆಲ್ಲ ಬರೆಯಲು ಮನಸ್ಸಿಲ್ಲ.

ನನ್ನ ತವರು ಗಂಡಸಿ. ಮದುವೆಯಾಗಿ ಹಳೇಬೀಡಿಗೆ ಬಂದೆ. ನಮ್ಮ ಯಜಮಾನರದು ಬಸ್ ಸ್ಟ್ಯಾಂಡಿನ ಹತ್ತಿರ ಟೈಲರ್ ಅಂಗಡಿ. ನಾನು ಎಸ್ಸೆಸ್ಸೆಲ್ಸಿ ಪಾಸಾಗಿದ್ದೆ ಎಂಬ ಒಂದೇ ಕಾರಣಕ್ಕೆ ಬೀದಿಯವರು ನನ್ನ ಹೆಸರು ಹೇಳಿದರು, ಕೆಲಸ ಸಿಕ್ಕಿತು. ನಮ್ಮ ಕೇಂದ್ರಕ್ಕೆ ಸ್ವಂತ ಕಟ್ಟಡ ಇರಲಿಲ್ಲ. ಕೊನೆಯವರೆಗೂ ಆಗಲಿಲ್ಲ. ದೇವಸ್ಥಾನದಿಂದ ನಡೆದು ಹೋಗುವಷ್ಟು ದೂರದ ಬೀದಿಯಲ್ಲಿ ಶಿವಣ್ಣನವರು ಎಂಬ ಕೊಬ್ಬರಿ ವ್ಯಾಪಾರಿಗಳದ್ದು ಒಂದು ಸಾಲುಮನೆ ಇತ್ತು. ಒಂದೇ ಹೆಂಚಿನ ಮಾಡಿನ ಕೆಳಗೆ ಏಳು ಮನೆ, ಹಿಂದೆ ಎಲ್ಲರಿಗೂ ಸೇರಿ ಒಂದು ಬಾವಿ. ಮೊದಲನೆಯದರಲ್ಲಿ ನಮ್ಮ ಅಂಗನವಾಡಿ, ಉಳಿದ ಆರರಲ್ಲಿ ಬಾಡಿಗೆಯವರು. ಇಲಾಖೆ ಕೊಡುವ ಬಾಡಿಗೆ ತಿಂಗಳುಗಟ್ಟಲೆ ತಡವಾಗುತ್ತಿತ್ತು. ಶಿವಣ್ಣನವರು ಒಂದು ದಿನವೂ ಬಾಗಿಲಿಗೆ ಬಂದು ಕೇಳಿದವರಲ್ಲ. ಮಠಕ್ಕೆ ನಡೆದುಕೊಳ್ಳುವ ಮನೆತನ. ಮಕ್ಕಳು ಕೂತು ಉಣ್ಣುವ ಜಾಗ ಎಂದರೆ ಅವರಿಗೆ ಒಂದು ಗೌರವ. ಇದನ್ನು ಮೊದಲೇ ಹೇಳುತ್ತಿದ್ದೇನೆ, ಏಕೆಂದರೆ ಮುಂದೆ ನಡೆದದ್ದನ್ನು ಓದಿ ಅವರನ್ನು ಕೆಟ್ಟವರೆಂದುಕೊಳ್ಳುವುದು ಸುಲಭ.

ಕೆಲಸಕ್ಕೆ ಸೇರಿದ ಮೊದಲ ವರ್ಷವೇ ನಾನು ಒಂದು ಅನಾಹುತ ಮಾಡಿದ್ದೆ. ಆಗ ಮಗುವನ್ನು ಬಟ್ಟೆಯ ಜೋಲಿಯಲ್ಲಿ ಕೂರಿಸಿ, ಸ್ಪ್ರಿಂಗ್ ತಕ್ಕಡಿಗೆ ತೂಗುಹಾಕಿ ತೂಕ ನೋಡುತ್ತಿದ್ದೆವು. ಒಂದು ಗಂಡುಮಗು ಜೋಲಿ ಕಂಡರೆ ಸಾಕು, ಕಿರುಚಿ ಬೀದಿ ಒಂದು ಮಾಡುತ್ತಿತ್ತು. ಯಾರಿಗೆ ಬೇಕು ಈ ರಗಳೆ ಎಂದು ನಾನು ತೂಗದೆಯೇ, ಹಿಂದಿನ ತಿಂಗಳ ತೂಕಕ್ಕೆ ಒಂದಿಷ್ಟು ಸೇರಿಸಿ ಪುಸ್ತಕದಲ್ಲಿ ಬರೆದೆ. ಹೀಗೇ ಮೂರು ತಿಂಗಳು. ಒಂದು ದಿನ ಬೇಲೂರಿನಿಂದ ಮೊದಲ ಬಸ್ಸಿಗೆ ಸೂಪರ್‌ವೈಸರ್ ಬಂದಿಳಿದರು. ಕೊಡೆ ಹಿಡಿದುಕೊಂಡೇ ಓಡಾಡುತ್ತಿದ್ದ ಹಿರಿಯ ಹೆಂಗಸು, ಬಹಳ ಖಡಕ್ಕು. ಪುಸ್ತಕ ನೋಡಿದರು, ಮೂಲೆಯಲ್ಲಿ ಕೂತಿದ್ದ ಆ ಮಗುವನ್ನು ನೋಡಿದರು. ನೆಲದ ಮೇಲೆ ಕೂತು ಅದನ್ನು ರಮಿಸಿ ತಾವೇ ಜೋಲಿಗೆ ಹಾಕಿದರು. ಮುಳ್ಳು ನಾನು ಬರೆದ ಅಂಕಿಯ ಹತ್ತಿರಕ್ಕೂ ಬರಲಿಲ್ಲ.

ಅವರು ರೇಗಲಿಲ್ಲ. “ಪುಸ್ತಕದಲ್ಲಿರೋ ಮಗು ದಪ್ಪ ಆಗ್ತಾ ಇದೆ, ಕಣ್ಮುಂದೆ ಇರೋದು ಸಣ್ಣ ಆಗ್ತಾ ಇದೆ. ಎರಡರಲ್ಲಿ ಯಾವುದಕ್ಕಮ್ಮ ನೀನು ಊಟ ಹಾಕ್ತಿರೋದು?” ಎಂದರು.

ಆಮೇಲೆ ನನ್ನನ್ನು ಕರೆದುಕೊಂಡು ಆ ಮಗುವಿನ ಮನೆಗೆ ನಡೆದರು. ತಾಯಿ ಇಟ್ಟಿಗೆ ಗೂಡಿಗೆ ಹೋಗಿದ್ದಳು. ಕಣ್ಣು ಮಂಜಾದ ಅಜ್ಜಿ ಬೆಳಗಿನಿಂದ ಸಂಜೆಯವರೆಗೆ ಕಾಫಿಯಲ್ಲಿ ಬನ್ನು ಅದ್ದಿ ಕೊಡುತ್ತಿದ್ದಳು, ಅದೇ ಮಗುವಿನ ಊಟ. ಅಂದಿನಿಂದ ನಾನು ಆ ಮಗುವಿಗೆ ಕೇಂದ್ರದಲ್ಲೇ ಎರಡು ಹೊತ್ತು ಉಣ್ಣಿಸಿದೆ. ಸುಧಾರಿಸಿಕೊಂಡಿತು. ಕೆಲಸ ಇರುವುದು ಮನೆಗಳ ಒಳಗೆ ಎಂದು ನನಗೆ ಗೊತ್ತಾದದ್ದು ಆ ದಿನ. ನಂತರದ ವರ್ಷಗಳಲ್ಲಿ ನಮ್ಮ ಬೀದಿಯ ಯಾವ ಮನೆಯಲ್ಲಿ ಎಷ್ಟು ಹೊತ್ತಿಗೆ ಒಲೆ ಹಚ್ಚುತ್ತಾರೆ, ಯಾವ ಮನೆಯ ಗಂಡಸು ಯಾವ ದಿನ ಕುಡಿದು ಬರುತ್ತಾನೆ, ಯಾವ ಸೊಸೆ ಮುಟ್ಟು ತಪ್ಪಿದ್ದನ್ನು ಅತ್ತೆಗಿಂತ ಮೊದಲು ನನಗೆ ಹೇಳುತ್ತಾಳೆ, ಎಲ್ಲ ಗೊತ್ತಿತ್ತು.

ನಮ್ಮ ಊರಿಗೆ ಪ್ರವಾಸಿಗರು ಹೊಸಬರಲ್ಲ. ಆದರೆ ಅವರು ಬೆಳಿಗ್ಗೆ ಬಂದು, ದೇವಸ್ಥಾನ ನೋಡಿ, ಪುರುಸೊತ್ತಿದ್ದರೆ ಬಸ್ತಿಹಳ್ಳಿಯ ಬಸದಿಗಳಿಗೂ ಹೋಗಿ, ಎಳನೀರು ಕುಡಿದು, ಸಂಜೆಯೊಳಗೆ ಹೊರಟುಬಿಡುತ್ತಿದ್ದರು. ದೇವಸ್ಥಾನ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಅವರು ಉಳಿಯತೊಡಗಿದರು. ದೇವಸ್ಥಾನಕ್ಕೆ ತೀರ ಹತ್ತಿರ ಹೊಸದಾಗಿ ಕಟ್ಟಲು ಅಪ್ಪಣೆ ಇಲ್ಲ. ಹಾಗಾಗಿ ಸುತ್ತಲಿನ ಬೀದಿಗಳ ಹಳೆಯ ಹೆಂಚಿನ ಮನೆಗಳ ಮೇಲೆ ಎಲ್ಲರ ಕಣ್ಣು ಬಿತ್ತು. ಮಳೆಗಾಲದಲ್ಲಿ ಸೋರುತ್ತದೆ ಎಂದು ನಾವು ಬೈದುಕೊಳ್ಳುತ್ತಿದ್ದ ಮನೆಗಳ ಮುಂದೆ ಹೊರಗಿನವರು ನಿಂತು ಫೋಟೋ ತೆಗೆಸಿಕೊಂಡರು.

ಮೊದಲು ನಮ್ಮ ಎದುರು ಸಾಲಿನ ಒಂದು ಮನೆಗೆ ಸುಣ್ಣ ಬಳಿದು, ಜಗುಲಿಗೆ ಕೆಂಪು ಗಾರೆ ಹಾಕಿ ಹೋಂಸ್ಟೇ ಮಾಡಿದರು. ಅಲ್ಲಿದ್ದ ಎರಡು ಸಂಸಾರ ಹೋಯಿತು. ನನಗೆ ಮೂರು ಮಕ್ಕಳು ಕಡಿಮೆಯಾದವು. ಆಮೇಲೆ ಅದರ ಪಕ್ಕದ ಮನೆ. ಹೋಂಸ್ಟೇ ಮಾಡದ ಮನೆಯವರೂ ಅದನ್ನು ನೋಡಿ ಬಾಡಿಗೆ ಏರಿಸಿದರು. ಹೋಟೆಲಿನಲ್ಲಿ ಪಾತ್ರೆ ತೊಳೆಯುವವರು, ಬಸ್ಸಿನ ಕ್ಲೀನರುಗಳು, ಗಾರೆ ಕೆಲಸದವರು ಒಬ್ಬೊಬ್ಬರೇ ಹೊರಟರು. ಜಗಳ ಇಲ್ಲ, ಕೂಗಾಟ ಇಲ್ಲ. ಒಂದು ಸೋಮವಾರ ಮಗು ಬರುತ್ತಿರಲಿಲ್ಲ, ಹೋಗಿ ನೋಡಿದರೆ ಬಾಗಿಲಿಗೆ ಬೀಗ.

ಆ ಹೊತ್ತಿಗೆ ನಮ್ಮ ಪುಸ್ತಕಗಳೆಲ್ಲ ಹೋಗಿ ಫೋನು ಬಂದಿತ್ತು. ಮಗುವಿನ ಹೆಸರು ತೆಗೆಯಬೇಕಾದರೆ ಅದು ಕಾರಣ ಕೇಳುತ್ತದೆ. ನಾನು ಹೊಸ ಸೂಪರ್‌ವೈಸರಿಗೆ ಫೋನು ಮಾಡಿದೆ. ನನ್ನ ಮಗಳ ವಯಸ್ಸಿನವರು, ಒಳ್ಳೆಯ ಹುಡುಗಿ, ಆದರೆ ಎಷ್ಟೋ ಕೇಂದ್ರಗಳನ್ನು ನೋಡಿಕೊಳ್ಳಬೇಕು.

“ಮೇಡಂ, ಇವ್ರು ತಾವಾಗಿ ಹೋಗಿಲ್ಲ. ಮನೆ ಬಿಡಿಸಿದ್ದಾರೆ. ಅದಕ್ಕೆ ಏನಂತ ಹಾಕ್ಲಿ?”

“ವಲಸೆ ಅಂತ ಹಾಕ್ಬಿಡಿ ಟೀಚರ್. ಬೇರೆ ಕಾಲಂ ಇಲ್ಲ.”

ವಲಸೆ ಎಂದು ಹಾಕಿದೆ. ಮುಂದಿನ ತಿಂಗಳು ಮತ್ತೆರಡಕ್ಕೆ ಹಾಕಿದೆ. ಬೆರಳಿಗೆ ಅಭ್ಯಾಸವಾಗಿ ಹೋಯಿತು.

ನನ್ನ ನಿವೃತ್ತಿಗೆ ಇನ್ನೊಂದು ವರ್ಷವೂ ಇಲ್ಲದಿದ್ದಾಗ ಶಿವಣ್ಣನವರು ಒಂದು ದಿನ ಕೇಂದ್ರದ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದರು. ಮಕ್ಕಳ ಚಾಪೆಯ ತುದಿಯಲ್ಲಿ ಕೂತರು.

“ಟೀಚರ್, ಮಾಡಿನ ಮರಕ್ಕೆಲ್ಲ ಗೆದ್ದಲು ಹಿಡಿದೈತೆ. ಈ ಸಲ ಬಿಚ್ಚಿ ಕಟ್ಲೇಬೇಕು. ಎಲ್ರೂ ಒಪ್ಪವ್ರೆ, ಮಂಗಳಾ ಒಬ್ಳು ಏಳ್ತಿಲ್ಲ. ನಿಮ್ ಮಾತಾದ್ರೆ ಕೇಳ್ತಾಳೆ.”

“ಕೆಲ್ಸ ಮುಗಿದ ಮೇಲೆ ಅವರಿಗೇ ಕೊಡ್ತೀರಾ ಶಿವಣ್ಣೋರೆ?”

“ಕೊಡ್ದೆ ಇನ್ಯಾರಿಗೆ ಕೊಡ್ಲಿ? ಎರಡೇ ತಿಂಗ್ಳು. ನಿಮ್ ಅಂಗನವಾಡಿ ರೂಮಂತೂ ನಾನು ಮುಟ್ಟೋದೇ ಇಲ್ಲ. ಮಕ್ಳ ಜಾಗ ಅದು.”

ಆ ಕೊನೆಯ ಮಾತು ನನ್ನ ಬಾಯಿ ಕಟ್ಟಿತು. ಇದೊಂದು ರೂಮು ಹೋದರೆ ಆ ಭಾಗದಲ್ಲಿ ಇಲಾಖೆಯ ಬಾಡಿಗೆಗೆ ಬಚ್ಚಲುಮನೆಯೂ ಸಿಗುತ್ತಿರಲಿಲ್ಲ. ಕೇಂದ್ರ ಮುಚ್ಚಿದ ಟೀಚರ್ ಎಂಬ ಹೆಸರು ಹೊತ್ತು ನಿವೃತ್ತಳಾಗುವುದು ನನಗೆ ಬೇಕಿರಲಿಲ್ಲ. ಮಂಗಳಾಳ ಒಳಿತಿಗೆ ಎಂದು ನಾನು ಅವಳ ಮನೆಗೆ ಹೋಗಲಿಲ್ಲ, ನನ್ನ ರೂಮಿಗಾಗಿ ಹೋದೆ. ಇದನ್ನು ಈಗ ನೇರವಾಗಿ ಬರೆಯಬಲ್ಲೆ. ಆಗ ನನಗೆ ನಾನೇ ಒಪ್ಪಿಕೊಂಡಿರಲಿಲ್ಲ.

ಮಂಗಳಾ ಇದ್ದದ್ದು ಅದೇ ಸಾಲಿನ ನಾಲ್ಕನೆಯ ಮನೆಯಲ್ಲಿ. ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಬೆಳಗಿನ ಜಾವದಿಂದ ತರಕಾರಿ ಹೆಚ್ಚುವ ಕೆಲಸ. ಅವಳ ಗಂಡ ಕುಮಾರ ದೇವಸ್ಥಾನದ ಗೇಟಿನ ಹತ್ತಿರ ಬಳಪದ ಕಲ್ಲಿನ ಪುಟ್ಟ ಗಣಪತಿ, ಆನೆ, ಫೋಟೋ ಪುಸ್ತಕ ಮಾರುತ್ತಿದ್ದ. ಮಗಳು ಸಿಂಚನಾ, ನಾಲ್ಕು ತುಂಬಿತ್ತು, ನನ್ನ ಕೇಂದ್ರದಲ್ಲಿ ಎಲ್ಲರಿಗಿಂತ ಗಟ್ಟಿ ದನಿಯಲ್ಲಿ ಹಾಡುವವಳು. ಮಂಗಳಾ ಆಗ ಮತ್ತೆ ಐದು ತಿಂಗಳ ಬಸುರಿ. ನಾನು ಹೋದಾಗ ಹೊಸಿಲ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದಳು.

“ಎರಡು ತಿಂಗ್ಳಿಗೋಸ್ಕರ ಎಲ್ಲಿಗ್ ಹೋಗ್ಲಿ ಟೀಚರ್? ಇಲ್ಲಿ ಹತ್ತಿರದಲ್ಲಿ ನಮ್ ಕೈಗೆ ಎಟಕೋ ಮನೆ ಒಂದೂ ಇಲ್ಲ. ಇವ್ರು ಬೆಳಿಗ್ಗೆ ಸ್ಕೂಲ್ ಮಕ್ಳ ಟೂರ್ ಬಸ್ ಬರೋ ಹೊತ್ತಿಗೆ ಗೇಟ್ ತಾವ ಇರ್ಬೇಕು.”

“ಶಿವಣ್ಣೋರು ಮಾತು ಕೊಟ್ಟವ್ರೆ ಕಣೇ.”

“ನನ್ ತಾವ ಕೊಟ್ಟಿಲ್ವಲ್ಲ.”

“ನನ್ ಹತ್ರ ಕೊಟ್ಟವ್ರೆ. ನಾನು ಹೇಳ್ತಿದೀನಲ್ಲ.”

ಅವಳು ಮೊರವನ್ನು ಪಕ್ಕಕ್ಕಿಟ್ಟು ನನ್ನ ಮುಖ ನೋಡಿದಳು. “ನೀವ್ ಹೇಳ್ತೀರಾ ಅಂದ್ರೆ ಸರಿ ಬಿಡಿ” ಎಂದಳು.

ಅವರು ಬಸ್ಸಿನಲ್ಲಿ ಹೋಗುವಷ್ಟು ದೂರದ ಮಾದಿಹಳ್ಳಿಯಲ್ಲಿ ಯಾರದೋ ಕೊಟ್ಟಿಗೆಯ ಹಿಂದೆ ಶೀಟು ಹೊದಿಸಿದ ಒಂದು ಕೋಣೆಗೆ ಹೋದರು. ಎರಡು ತಿಂಗಳಿಗೆ ಸಾಕು ಎಂದು ಹಿಡಿದ ಜಾಗ. ಬೆಳಗಿನ ಜಾವಕ್ಕೆ ಅಲ್ಲಿಂದ ಬಸ್ಸಿರಲಿಲ್ಲ, ಮಂಗಳಾ ಹೋಟೆಲಿನ ಕೆಲಸ ಬಿಟ್ಟಳು. ಅದೇ ದಿನ ನಾನು ಸಿಂಚನಾಳ ಹೆಸರನ್ನೂ ಮಂಗಳಾಳ ತಾಯಿ ಕಾರ್ಡನ್ನೂ ಮಾದಿಹಳ್ಳಿಯ ಕೇಂದ್ರಕ್ಕೆ ವರ್ಗ ಮಾಡಬೇಕಿತ್ತು. ತಾಯಿ ಕಾರ್ಡೆಂದರೆ ಬಸುರಿಯ ತಪಾಸಣೆ, ರಕ್ತ, ಮಾತ್ರೆ ಎಲ್ಲ ಬರೆದಿಡುವ ಕಾರ್ಡು. ನಾನು ಮಾಡಲಿಲ್ಲ. ಹೇಗೂ ವಾಪಸು ಬರುತ್ತಾರಲ್ಲ ಎಂಬುದು ಒಂದು. ಎರಡು ಹೆಸರು ಕಡಿಮೆಯಾದರೆ ನನ್ನ ಕೇಂದ್ರದ ಲೆಕ್ಕಕ್ಕೆ ಬೇಕಾದಷ್ಟು ಜನ ಇರುವುದಿಲ್ಲ ಎಂಬುದು ಇನ್ನೊಂದು. “ಕಾರ್ಡ್ ನನ್ ಹತ್ರಾನೇ ಇರ್ಲಿ, ಕಳ್ಕೊಂಡೀಯ” ಎಂದು ಟ್ರಂಕಿನಲ್ಲಿಟ್ಟೆ. ಫೋನಿನಲ್ಲಿ ಸಿಂಚನಾಳಿಗೆ ದಿನವೂ ಗೈರುಹಾಜರಿ ಹಾಕುತ್ತಾ ಹೋದೆ. ಕೊಡೆಯ ಆ ಸೂಪರ್‌ವೈಸರ್ ಇದ್ದಿದ್ದರೆ ಅದೇ ಪ್ರಶ್ನೆಯನ್ನು ಮತ್ತೆ ಕೇಳುತ್ತಿದ್ದರು.

ಮಾಡು ಬಿಚ್ಚಿದರು. ಗೆದ್ದಲು ಹಿಡಿದದ್ದು ನಿಜವೇ. ಆದರೆ ಮಾಡಿನ ಜೊತೆಗೆ ಗೋಡೆಗಳನ್ನೂ ಒಡೆದರು. ಆರು ಮನೆಗಳು ಮೂರು ದೊಡ್ಡ ಕೋಣೆಗಳಾದವು, ಪ್ರತಿಯೊಂದಕ್ಕೂ ಒಳಗೇ ಬಚ್ಚಲು. ಬಾವಿಗೆ ಕಬ್ಬಿಣದ ಜಾಲರಿ ಹಾಕಿ ಸುತ್ತ ಹೂವಿನ ಕುಂಡ ಇಟ್ಟರು. ನಾನು ಪಾಠದ ನಡುವೆ ಸುತ್ತಿಗೆಯ ಸದ್ದು ಕೇಳುತ್ತಾ, ಇಷ್ಟೊಂದು ಬಚ್ಚಲು ಮಂಗಳಾಳಿಗೆ ಯಾಕೆ ಎಂದು ಯೋಚಿಸಿದೆ. ಯೋಚಿಸಿ ಸುಮ್ಮನಾದೆ. ಎರಡು ತಿಂಗಳು ದಾಟಿದ ಮೇಲೆ ಶಿವಣ್ಣನವರ ಮನೆಗೆ ಹೋದೆ.

“ನನ್ ಕೈಲಿ ಏನೂ ಉಳಿದಿಲ್ಲ ಟೀಚರ್” ಎಂದರು. ನನ್ನ ಮುಖ ನೋಡಲಿಲ್ಲ. “ಅಳಿಯ ಹಾಸನದೋರಿಗೆ ಲೀಸಿಗೆ ಬರ್ಕೊಟ್ಬಿಟ್ಟವ್ನೆ. ಅವ್ರು ಕೊಡೋ ಅಷ್ಟು ಬಾಡಿಗೆ ನಮ್ಮಪ್ಪನ ಕಾಲ್ದಿಂದ ಯಾರೂ ಕೊಟ್ಟಿಲ್ಲ. ನಾನು ಬೇಡ ಅಂದ್ರೆ ಮನೇಲಿ ಯಾರ್ ಕೇಳ್ತಾರೆ?”

“ಮಂಗಳಂಗೆ ಏನ್ ಹೇಳ್ಲಿ?”

“ನೀವೇ ಏನಾದ್ರೂ ಹೇಳಿ.”

ಅವರ ಹೆಂಡತಿ ಕಾಫಿ ತಂದರು. ಕುಡಿದು ಬಂದೆ. ಆ ಕಾಫಿಯನ್ನು ಬೇಡ ಎನ್ನಬಹುದಿತ್ತು ಎಂದು ಈಗಲೂ ಅನಿಸುತ್ತದೆ. ಮಂಗಳಾಳಿಗೆ ಏನನ್ನೂ ಹೇಳಲಿಲ್ಲ. ಫೋನು ತೆಗೆಯುವುದು, ಇಡುವುದು. ಹೀಗೆ ದಿನ ತಳ್ಳಿದೆ.

ಹೋಂಸ್ಟೇ ತೆರೆದ ಮೇಲೆ ಅದರ ಮ್ಯಾನೇಜರ್ ನಮ್ಮಲ್ಲಿಗೆ ಬಂದರು. ತುಂಬ ಮರ್ಯಾದಸ್ಥ. “ಮೇಡಂ, ಮಕ್ಕಳ ಹಾಡು ಸ್ವಲ್ಪ ಮೆಲ್ಲಗಾದ್ರೆ ಒಳ್ಳೇದಿತ್ತು. ಗೆಸ್ಟ್ ಇನ್ನೂ ಮಲಗಿರ್ತಾರೆ” ಎಂದರು. ಆಗ ಬೆಳಿಗ್ಗೆ ಹತ್ತು ಗಂಟೆ ದಾಟಿತ್ತು.

ನನ್ನ ಸಹಾಯಕಿ ಲಕ್ಷ್ಮಮ್ಮ ನನಗಿಂತ ಹಿಂದಿನಿಂದ ಆ ಕೇಂದ್ರದಲ್ಲಿ ಅಡುಗೆ ಮಾಡಿಕೊಂಡಿದ್ದವಳು. ಮ್ಯಾನೇಜರ್ ಹೋದ ಮೇಲೆ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದಳು. “ಹೊತ್ತೇರೋಗಂಟ ಮಲಗೋರ್ಗೋಸ್ಕರ ಮಕ್ಳು ಬಾಯ್ ಮುಚ್ಕೋಬೇಕಾ ಟೀಚರಮ್ಮ?” ಎಂದಳು.

ಒಂದು ವಾರ ಮೆಲ್ಲಗೆ ಹಾಡಿಸಿದೆ. ಮಕ್ಕಳಿಗೆ ಅದು ಆಟವಾಯಿತು, ಪಿಸುಪಿಸು ಎಂದು ಹಾಡಿ ನಗುತ್ತಿದ್ದರು. ಅದರ ಬೆನ್ನಿಗೇ ಶಿವಣ್ಣನವರ ಮನೆಯಿಂದ ರೂಮು ಖಾಲಿ ಮಾಡಬೇಕೆಂಬ ಕಾಗದ ಬಂತು. ಸೂಪರ್‌ವೈಸರಿಗೆ ಹೇಳಿದೆ. ಅವರು ಬೇಲೂರಿನ ಕಚೇರಿಯಲ್ಲಿ ಓಡಾಡಿ ನೋಡಿದರು, ಪಂಚಾಯಿತಿಯಲ್ಲಿ ಕೇಳಿದರು, ಜಾಗ ಸಿಗಲಿಲ್ಲ. ಉಳಿದ ಏಳೆಂಟು ಮಕ್ಕಳನ್ನು ಊರಿನ ಇನ್ನೊಂದು ಕೇಂದ್ರಕ್ಕೆ ಸೇರಿಸಲು ಆದೇಶವಾಯಿತು. ಲಕ್ಷ್ಮಮ್ಮನಿಗೂ ವಯಸ್ಸಾಗಿತ್ತು, ಅಲ್ಲಿಗೇ ಕೆಲಸ ಬಿಟ್ಟಳು. ಈಗ ಅವಳು ಅದೇ ಹೋಂಸ್ಟೇಯಲ್ಲಿ ಬೆಡ್‌ಶೀಟ್ ಒಗೆಯುತ್ತಾಳೆ. ಮಕ್ಕಳು ಮಧ್ಯಾಹ್ನ ಮಲಗುತ್ತಿದ್ದ ರೂಮಿನಲ್ಲಿ ಒಗೆಯುವ ಮಿಷನ್ ಇದೆಯಂತೆ. ಕೇಳಿದರೆ, “ಹೊಟ್ಟೆಪಾಡು ಕಣ್ರಮ್ಮ” ಎನ್ನುತ್ತಾಳೆ.

ರೂಮು ಖಾಲಿ ಮಾಡುವ ದಿನ ಟ್ರಂಕು ತೆರೆದಾಗ ಮಂಗಳಾಳ ತಾಯಿ ಕಾರ್ಡು ಕೈಗೆ ಸಿಕ್ಕಿತು. ಅವಳು ಹೋದ ತಿಂಗಳಿನಿಂದ ಒಂದು ಗೆರೆಯೂ ತುಂಬಿರಲಿಲ್ಲ. ಬೆರಳು ಮಡಿಚಿ ಎಣಿಸಿದೆ, ಅವಳಿಗೆ ಎಂಟು ತಿಂಗಳಾಗಿತ್ತು. ಸಾಮಾನೆಲ್ಲ ಲಕ್ಷ್ಮಮ್ಮನಿಗೆ ಬಿಟ್ಟು, ಮಾದಿಹಳ್ಳಿಗೆ ಸಿಕ್ಕಿದ ಬಸ್ಸು ಹತ್ತಿದೆ.

ಮಂಗಳಾ ಆ ಶೀಟಿನ ಕೋಣೆಯ ಮುಂದೆ ಗೋಡೆಗೊರಗಿ ಕೂತಿದ್ದಳು. ಕಾಲು ಊದಿತ್ತು, ತುಟಿ ಬಿಳಿಚಿತ್ತು. ಎದ್ದೇಳಲು ಹೋಗಿ ಮತ್ತೆ ಕೂತಳು. ನನ್ನನ್ನು ಕಂಡು ನಕ್ಕಳು.

“ನೀವೇ ಬತ್ತೀರಾ ಅಂತ ಕಾಯ್ತಿದ್ದೆ ಟೀಚರ್. ಮನೆ ಆಯ್ತಾ?”

“ಮೊದ್ಲು ಆಸ್ಪತ್ರೆಗೆ ನಡಿ” ಎಂದೆ.

ಆಟೋ ಮಾಡಿ ಕರೆದುಕೊಂಡು ಹೋದೆ. ನರ್ಸಮ್ಮ ಕಣ್ಣಿನ ರೆಪ್ಪೆ ಎಳೆದು ನೋಡಿ, ರಕ್ತ ಪರೀಕ್ಷೆ ಮಾಡಿ, ಹಾಸನದ ಆಸ್ಪತ್ರೆಗೆ ಬರೆದುಕೊಟ್ಟರು. “ಇಷ್ಟು ದಿನ ಯಾರ ಹತ್ರ ತೋರಿಸ್ತಿದ್ರಿ?” ಎಂದು ಅವಳನ್ನು ಕೇಳಿದರು. ಅವಳು ನನ್ನ ಕಡೆ ನೋಡಿದಳು. ಬೇಕೆಂದು ನೋಡಿದ್ದಲ್ಲ. ಆದರೂ ನಾನು ತಲೆ ತಗ್ಗಿಸಿದೆ. ಹಾಸನದಲ್ಲಿ ಅವಳಿಗೆ ಎರಡು ಬಾಟಲಿ ರಕ್ತ ಕೊಟ್ಟರು. ಮಗು ದಿನಕ್ಕೆ ಮುಂಚೆಯೇ ಹುಟ್ಟಿತು, ಗಂಡು, ತೀರ ಸಣ್ಣದು. ಗಾಜಿನ ಪೆಟ್ಟಿಗೆಯಲ್ಲಿ ಎಷ್ಟೋ ದಿನ ಇಟ್ಟುಕೊಂಡರು. ಬದುಕಿತು. ಮನೆಯ ವಿಷಯವನ್ನು ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಮಾರನಿಗೆ ಹೇಳಿದೆ. ಅವನು “ಗೊತ್ತಾಯ್ತು ಬಿಡಿ ಟೀಚರ್, ಹೋಂಸ್ಟೇ ಬೋರ್ಡ್ ನೋಡ್ದೆ. ಅವ್ಳಿಗೆ ಇನ್ನೂ ಹೇಳಿಲ್ಲ” ಎಂದ.

ನನ್ನ ನಿವೃತ್ತಿ ಆಯಿತು. ಶಾಲು, ಹಣ್ಣಿನ ಬುಟ್ಟಿ, ಎರಡು ಭಾಷಣ. ಈಗ ಹೊಸ ಹುಡುಗಿಯರು ದಾರಿಯಲ್ಲಿ ಸಿಕ್ಕಿ ಏನಾದರೂ ಹೇಳಿ ಟೀಚರ್ ಎಂದರೆ ನಾನು ಹೇಳುವುದು ಇಷ್ಟು. ಒಂದು ಸಂಸಾರ ಬೀದಿ ಬಿಟ್ಟರೆ ಆವತ್ತೇ ಅವರ ಹೆಸರನ್ನು ಅವರು ಹೋದ ಕಡೆಗೆ ಕಳಿಸಿ, ನಿಮ್ಮ ಕೇಂದ್ರ ಮುಚ್ಚಿದರೂ ಸರಿ. ಮನೆಯ ಯಜಮಾನರು ಬಾಡಿಗೆಯವರಿಗೆ ಏನಾದರೂ ಹೇಳಬೇಕಿದ್ದರೆ ಅವರೇ ಹೋಗಿ ಹೇಳಲಿ. ನಿಮ್ಮನ್ನು ನಂಬುವ ಮನೆಯ ಬಾಗಿಲಿಗೆ ಇನ್ನೊಬ್ಬರ ಮಾತು ಹೊತ್ತು ಹೋಗಬೇಡಿ. ಅವರು ತಲೆಯಾಡಿಸಿ ಫೋನು ನೋಡಿಕೊಳ್ಳುತ್ತಾರೆ. ಅವರ ತಪ್ಪೇನಿಲ್ಲ, ಫೋಟೋ ಹಾಕುವ ಹೊತ್ತಾಗಿರುತ್ತದೆ.

ಮಂಗಳಾಳನ್ನು ನೋಡಲು ಹೋಗುವುದಕ್ಕೆ ನನಗೆ ಬಹಳ ದಿನ ಹಿಡಿಯಿತು. ಅವರು ಮಾದಿಹಳ್ಳಿಯನ್ನೂ ಬಿಡುತ್ತಿದ್ದಾರೆ ಎಂದು ಲಕ್ಷ್ಮಮ್ಮ ಹೇಳಿದ ಮೇಲೆ ಹೊರಟೆ. ಮಾದಿಹಳ್ಳಿಯಿಂದ ಬಸ್ಸು ಹಿಡಿದು ಬರುವ ಹೊತ್ತಿಗೆ ಗೇಟಿನ ಹತ್ತಿರ ಕುಮಾರನ ಜಾಗದಲ್ಲಿ ಬೇರೆಯವರು ನಿಂತಿರುತ್ತಿದ್ದರಂತೆ. ವ್ಯಾಪಾರ ಬಿಟ್ಟ. ಅರಸೀಕೆರೆಯ ಕೊಬ್ಬರಿ ಮಾರುಕಟ್ಟೆಯಲ್ಲಿ ಚೀಲ ಹೊರುವ ಕೆಲಸ ಸಿಕ್ಕಿತ್ತು. ರೈಲ್ವೆ ಲೈನಿನ ಆಚೆ ಒಂದು ಕೋಣೆ ನೋಡಿದ್ದರು.

ನಾನು ಹೋದಾಗ ಗೂಡ್ಸ್ ಆಟೋ ಬಂದು ನಿಂತಿತ್ತು. ಕುಮಾರ ಮಂಚದ ಕಾಲು ಬಿಚ್ಚುತ್ತಿದ್ದ. ಮಂಗಳಾ ಪಾತ್ರೆಗಳನ್ನು ಹಳೇ ಸೀರೆಯಲ್ಲಿ ಗಂಟು ಕಟ್ಟುತ್ತಿದ್ದಳು. ಸಿಂಚನಾ ತಮ್ಮನನ್ನು ಸೊಂಟದ ಮೇಲೆ ಹೊತ್ತು ನಿಂತಿದ್ದಳು. ಮಗು ಚುರುಕಾಗಿತ್ತು, ವಯಸ್ಸಿಗೆ ಸಣ್ಣದು.

“ಮಂಗಳಾ, ಆವತ್ತು ನಾನು ಬಂದು ಹೇಳ್ಬಾರ್ದಾಗಿತ್ತು” ಎಂದೆ.

ಅವಳು ಗಂಟು ಬಿಗಿಯುವುದನ್ನು ನಿಲ್ಲಿಸಲಿಲ್ಲ. “ನೀವ್ ಹೇಳ್ದಿದ್ರೂ ಎಬ್ಬಿಸೋರು ಟೀಚರ್. ಅದು ನಂಗೊತ್ತು.” ಗಂಟನ್ನು ಬಿಗಿದು ಪಕ್ಕಕ್ಕೆ ತಳ್ಳಿ, “ಆದ್ರೆ ನೀವ್ ಹೇಳಿದ್ರಿ ಅಂತ ನಾನು ಕಾಯ್ತಾ ಕೂತೆ. ಇಲ್ಲಿ ಇವ್ಳ ಹೆಸ್ರು ಬರೆಸ್ಲಿಲ್ಲ. ಆಸ್ಪತ್ರೆಗೆ ಹೋಗ್ಲಿಲ್ಲ. ಇನ್ನೊಂದು ಒಳ್ಳೆ ಮನೆ ನೋಡ್ಲಿಲ್ಲ. ಇವತ್ತೋ ನಾಳೆಯೋ ವಾಪಸ್ ಹೋಗೋದಲ್ವಾ ಅಂತ” ಎಂದಳು.

ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಹಗುರವಾಗುತ್ತಿತ್ತೇನೋ. ನಾನೂ ಒಂದು ಗಂಟಿಗೆ ಕೈ ಕೊಟ್ಟೆ. ಇಬ್ಬರೂ ಹೊತ್ತು ಆಟೋದಲ್ಲಿಟ್ಟೆವು.

“ಅರಸೀಕೆರೇಲಿ ನನ್ ಜೊತೆ ಟ್ರೈನಿಂಗ್ ಆದ ಟೀಚರ್ ಒಬ್ರು ಅವ್ರೆ” ಎಂದೆ. “ಈಗ್ಲೇ ಫೋನ್ ಮಾಡ್ತೀನಿ ತಾಳು. ಮಗೂದು, ಸಿಂಚನಂದು ಎಲ್ಲಾ ಅವ್ರೇ ನೋಡ್ಕೋತಾರೆ.”

ನಾನು ಫೋನು ತೆಗೆಯುವಷ್ಟರಲ್ಲಿ ಅವಳು ನನ್ನ ಕೈ ಹಿಡಿದಳು.

“ಫೋನ್ ಬ್ಯಾಡಿ ಟೀಚರ್. ಅಂಗನವಾಡಿ ಎಲ್ಲೈತೆ ಅಷ್ಟು ಹೇಳಿ. ನಾನೇ ಹೋಗ್ತೀನಿ.”

ಹೇಳಿದೆ. ಬೀದಿ ಯಾವುದು, ಯಾವ ಕಡೆ ತಿರುಗಬೇಕು, ಪಕ್ಕದಲ್ಲಿ ಏನಿದೆ. ಅವಳು ಎರಡು ಸಲ ಬಾಯಲ್ಲಿ ಹೇಳಿಕೊಂಡಳು. ಆಮೇಲೆ ಮಗುವನ್ನು ಇಸಿದುಕೊಂಡು ಆಟೋದ ಮುಂದಿನ ಸೀಟಿನಲ್ಲಿ ಕೂತು, ಸಾಮಾನು ಇಳಿಸುವ ಮೊದಲು ಆ ಬೀದಿಗೆ ಹೋಗಬೇಕು ಎಂದು ಡ್ರೈವರಿಗೆ ಹೇಳಿದಳು.